2013ರಲ್ಲಿ ಕಟ್ಟಿದ ಗುಡಿಗೆ ಎರಡು ಸಾವಿರ ವರ್ಷ ಹೇಗಾಯಿತು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೈಸೂರಿನವರು. ಮಗ ಜಪಾನಿನ ನಗೋಯಾದಲ್ಲಿ ಕೆಲಸದಲ್ಲಿದ್ದಾನೆ. ಬರುವ ಏಪ್ರಿಲ್‌ನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುವುದೆಂದು ಆಗಿದೆ. ಅಲ್ಲೇ ಹತ್ತಿರ ಇಸೆ ಅಂತ ದೊಡ್ಡ ದೇವಸ್ಥಾನವಿದೆ, ಸೂರ್ಯದೇವಿಯದು, ಎರಡು ಸಾವಿರ ವರ್ಷ ಹಳೆಯದು ಅಂತ ಮಗ ಫೋಟೋ ಕಳಿಸಿದ. ನೋಡಿದರೆ ಮೊನ್ನೆ ಮೊನ್ನೆ ಕಟ್ಟಿದ ಹಾಗಿದೆ! ಕೇಳಿದರೆ, 20 ವರ್ಷಕ್ಕೊಮ್ಮೆ ಕೆಡವಿ ಹೊಸದು ಕಟ್ಟುತ್ತಾರೆ, ಈಗಿರುವುದು 2013ರದ್ದು ಅಂದ. ಹಾಗಾದರೆ ಹಳೆಯದು ಅನ್ನೋದು ಸುಳ್ಳಲ್ವಾ? ಪ್ರತಿ ಸಲ ಹತ್ತು ಸಾವಿರ ಮರ ಕಡಿಯುತ್ತಾರಂತೆ, ಮನಸ್ಸಿಗೆ ಕಷ್ಟವಾಯಿತು. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ, ಅದು ಭಾರತದಿಂದ ಹೋದವರು ಕಟ್ಟಿದ ಸೂರ್ಯನ ಗುಡಿ ಅಂತಲೂ ಬಂದಿದೆ. ಒಳಗೆ ಬೇರೆಯವರನ್ನು ಬಿಡುವುದಿಲ್ಲ ಅಂತಾರೆ, ನಿಜವೇ? ಇನ್ನೊಂದು ವಿಷಯ. ನಮ್ಮ ಮಾವನವರು ಹೋದ ನವರಾತ್ರಿ ಹೊತ್ತಿಗೆ ತೀರಿಕೊಂಡರು, ವರ್ಷಾಬ್ದಿಕ ಇನ್ನೂ ಆಗಿಲ್ಲ. ನಾವು ಹೋಗಬಹುದೇ? 2033ರಲ್ಲಿ ಹೊಸ ಗುಡಿ ಆಗುವಾಗ ಹೋದರೆ ಒಳ್ಳೆಯದು ಅಂತ ಮಗ ಅಂತಾನೆ. ಯಜಮಾನರಿಗೆ ಮಂಡಿನೋವು ಬೇರೆ. ಏನು ಮಾಡುವುದು ತಿಳಿಸಿ.

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಹಳೆಯ ಮರದ ಕಟ್ಟಡಗಳನ್ನು ಉಳಿಸುವುದು ನನ್ನ ಕಸುಬು. ಜಪಾನಿನ ಗುಡಿಗಳ ವಿಷಯ ಎತ್ತಿದ ಕಡೆಯೆಲ್ಲ ಈ ಪ್ರಶ್ನೆ ಬರುತ್ತದೆ. ನಿಮಗೆ ಯಾರೂ ಸುಳ್ಳು ಹೇಳಿಲ್ಲ. ಆದರೆ ಮೂರು ಬೇರೆ ಬೇರೆ ವಯಸ್ಸನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಲ್ಲೇ ಗೊಂದಲ.

ಎರಡು ಸಾವಿರ ವರ್ಷ ಅನ್ನುವುದು ನಂಬಿಕೆಯ ಲೆಕ್ಕ. ಕ್ರಿ.ಶ. 720ರಲ್ಲಿ ಮುಗಿದ 'ನಿಹೋನ್ ಶೋಕಿ' ಎಂಬ ಹಳೆಯ ಚರಿತ್ರೆಯಲ್ಲಿ ಈ ಕಥೆ ಇದೆ. ಸುಯಿನಿನ್ ಎಂಬ ಚಕ್ರವರ್ತಿಗೆ ಯಮತೊಹಿಮೆ ಎಂಬ ಮಗಳು. ಆಕೆ ಸೂರ್ಯದೇವಿಗೆ ಒಂದು ನೆಲೆ ಹುಡುಕುತ್ತಾ ಊರೂರು ಅಲೆಯುತ್ತಾಳೆ. ಕೊನೆಗೆ ಇಸುಜು ನದಿಯ ದಂಡೆಗೆ ಬರುತ್ತಾಳೆ. ನನಗೆ ಈ ನಾಡಿನಲ್ಲೇ ಇರಬೇಕು ಅನ್ನಿಸುತ್ತದೆ ಎಂದು ದೇವಿಯೇ ಹೇಳುತ್ತಾಳೆ. ದೇವಿಯ ಹೆಸರು ಅಮತೆರಾಸು ಓಮಿಕಾಮಿ. ಸೂರ್ಯದೇವಿ, ಜಪಾನಿನ ಅರಸು ಮನೆತನದ ಮೂಲ ತಾಯಿ. ಆಕೆಯ ಕುರುಹು ಒಂದು ಕನ್ನಡಿ. ಆ ಅರಸನ ಕಾಲವನ್ನು ಸಂಪ್ರದಾಯದ ಪಂಚಾಂಗದಲ್ಲಿ ಎಣಿಸಿದರೆ ಎರಡು ಸಾವಿರ ವರ್ಷ ಬರುತ್ತದೆ. ಇತಿಹಾಸದ ತಕ್ಕಡಿಯಲ್ಲಿ ಇದನ್ನು ತೂಗಲು ಆಗುವುದಿಲ್ಲ.

ಎರಡನೆಯ ವಯಸ್ಸು ಗಟ್ಟಿಯಾದದ್ದು. ಗುಡಿಯನ್ನು ಗೊತ್ತಾದ ಅವಧಿಗೊಮ್ಮೆ ಹೊಸದಾಗಿ ಕಟ್ಟಬೇಕು ಎಂದು ಏಳನೇ ಶತಮಾನದ ಕೊನೆಗೆ ತೆನ್ಮು ಚಕ್ರವರ್ತಿ ಗೊತ್ತುಮಾಡಿದ. ಆತ ತೀರಿಕೊಂಡ ಮೇಲೆ ರಾಣಿ ಜಿತೊ ಪಟ್ಟಕ್ಕೆ ಬಂದಳು. ಇಸೆಯಲ್ಲಿ ಮುಖ್ಯ ಗುಡಿಗಳು ಎರಡು: ಸೂರ್ಯದೇವಿಯದು ಒಳಗುಡಿ, ಅನ್ನದ ದೇವತೆಯದು ಹೊರಗುಡಿ. ಆಕೆಯ ಕಾಲದಲ್ಲಿ, ಕ್ರಿ.ಶ. 690ರಲ್ಲಿ, ಒಳಗುಡಿಯ ಮೊದಲ ಸಲದ ಕೆಲಸ ನಡೆಯಿತು. ಎರಡು ವರ್ಷ ಬಿಟ್ಟು ಹೊರಗುಡಿಯದು. ಈ ಪದ್ಧತಿಗೆ ಶಿಕಿನೆನ್ ಸೆಂಗೂ ಅನ್ನುತ್ತಾರೆ. 2013ರದ್ದು 62ನೆಯದು. ಮುಂದಿನದು 2033ಕ್ಕೆ. ಹಾಗಾಗಿ ನಂಬಿಕೆಗೆ ಎರಡು ಸಾವಿರ, ಪದ್ಧತಿಗೆ ಸಾವಿರದ ಮುನ್ನೂರು ಚಿಲ್ಲರೆ, ನಿಮ್ಮ ಮಗ ಫೋಟೋ ತೆಗೆದ ಕಟ್ಟಡಕ್ಕೆ ಇನ್ನೂ ಇಪ್ಪತ್ತೂ ಆಗಿಲ್ಲ.

ಇಲ್ಲಿ ಒಂದು ತಿದ್ದುಪಡಿ ಬೇಕು. 'ಕೆಡವಿ ಕಟ್ಟುತ್ತಾರೆ' ಅನ್ನುವುದು ಸರಿಯಲ್ಲ. ಕಟ್ಟಿದ ಮೇಲೆ ಬಿಚ್ಚುತ್ತಾರೆ. ಗುಡಿಗೆ ಒಂದೇ ಅಳತೆಯ ಎರಡು ನಿವೇಶನಗಳಿವೆ, ಅಕ್ಕಪಕ್ಕದಲ್ಲಿ. ಒಂದರಲ್ಲಿ ದೇವಿ ಇರುವಾಗಲೇ ಪಕ್ಕದ ಖಾಲಿ ಜಾಗದಲ್ಲಿ ಹೊಸದು ಎದ್ದು ನಿಲ್ಲುತ್ತದೆ. ಅಲ್ಲಿಗೆ ದೇವಿಯನ್ನು ಕರೆದೊಯ್ದ ಮೇಲೆ ಹಳೆಯದನ್ನು ತೊಲೆ ತೊಲೆಯಾಗಿ ಬಿಚ್ಚುತ್ತಾರೆ. ಇನ್ನು ಇಪ್ಪತ್ತು ವರ್ಷ ಆ ಜಾಗ ಖಾಲಿ. ಬಿಳಿಯ ಉರುಟು ಕಲ್ಲು ಹಾಸಿದ ಅಂಗಳ, ನಡುವೆ ಗೂಡಿನಂಥ ಒಂದು ಪುಟ್ಟ ಮರದ ಮನೆ. ಆ ಗೂಡು ಮುಚ್ಚಿಟ್ಟಿರುವುದು ನಡುಗಂಬದ ಜಾಗವನ್ನು. ಗುಡಿಯ ನೆಲದ ಹಲಗೆಯ ಕೆಳಗೆ ಅವರು ಒಂದು ಪವಿತ್ರ ಕಂಬ ನಿಲ್ಲಿಸುತ್ತಾರೆ. ಅದು ಭಾರ ಹೊರುವ ಕಂಬವಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಹೋದಾಗ ಖಾಲಿ ಅಂಗಳವನ್ನೂ ಆ ಗೂಡನ್ನೂ ನೋಡಿ ಬನ್ನಿ. ಜನ ಅದರ ಕಡೆ ತಿರುಗಿಯೂ ನೋಡದೆ ಮುಂದೆ ಹೋಗಿಬಿಡುತ್ತಾರೆ.

ಇಪ್ಪತ್ತೇ ವರ್ಷ ಯಾಕೆ? 'ಮರ ಕೊಳೆಯುತ್ತದೆ, ಅದಕ್ಕೆ' ಅಂತ ಬಹಳ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅರ್ಧ ನಿಜ. ಇಸೆಯ ಗುಡಿಗೆ ಕಲ್ಲಿನ ಅಡಿಪಾಯವಿಲ್ಲ. ಹಿನೊಕಿ ಎಂಬ ಮರದ ದುಂಡು ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಾರೆ. ಬಣ್ಣವಿಲ್ಲ, ಎಣ್ಣೆಯಿಲ್ಲ. ಚಾವಣಿಗೆ ಹುಲ್ಲಿನ ಹೊದಿಕೆ. ನಮ್ಮ ತೋಟದ ಬೇಲಿಗೂಟ ನೋಡಿದ್ದೀರಲ್ಲ, ಮೇಲೆ ಗಟ್ಟಿಯಾಗಿರುತ್ತದೆ, ಆಳದಲ್ಲೂ ಅಷ್ಟಿಷ್ಟು ಉಳಿದಿರುತ್ತದೆ, ಮಣ್ಣಿನ ಮಟ್ಟದಲ್ಲಿ ಮಾತ್ರ ಕೊಳೆತು ಮುರಿಯುತ್ತದೆ. ಮರ ತಿನ್ನುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಆ ಒಂದು ಗೇಣಿನಲ್ಲಿ. ಇಸೆಯ ಕಂಬಕ್ಕೂ ಅದೇ ಕಥೆ. ಹುಲ್ಲಿನ ಚಾವಣಿಯೂ ಆ ಹೊತ್ತಿಗೆ ಪಾಚಿ ಹಿಡಿದು ತೆಳುವಾಗಿರುತ್ತದೆ.

ಆದರೆ ಕಂಬದ ಬುಡಕ್ಕೆ ಕಲ್ಲು ಕೊಟ್ಟರೆ, ಮೇಲೆ ಹೆಂಚು ಹೊದಿಸಿದರೆ ಇದೇ ಹಿನೊಕಿ ನೂರಾರು ವರ್ಷ ಬಾಳುತ್ತದೆ. ಇದು ಅವರಿಗೆ ಆಗಲೇ ಗೊತ್ತಿತ್ತು. ಇಸೆಯಿಂದ ಬಹಳ ದೂರವೇನೂ ಇಲ್ಲದ ನಾರಾ ಸೀಮೆಯಲ್ಲಿ ಹೋರ್ಯೂಜಿ ಎಂಬ ಬೌದ್ಧ ದೇವಾಲಯವಿದೆ. ಸುಮಾರು 1,300 ವರ್ಷದಿಂದ ಅದರ ಮರ ನಿಂತೇ ಇದೆ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅಂದರೆ ಬಾಳಿಕೆ ಬರುವ ದಾರಿ ಕಣ್ಣೆದುರೇ ಇದ್ದರೂ ಇಸೆಯವರು ಬೇಕೆಂದೇ ಹಳೆಯ ರೀತಿಯನ್ನು ಇಟ್ಟುಕೊಂಡರು. 20ರ ಲೆಕ್ಕಕ್ಕೆ ಕಾರಣ ಇಂಥದ್ದು ಎಂದು ಹೇಳುವ ಹಳೆಯ ದಾಖಲೆಯಿಲ್ಲ. ಒಂದು ತಲೆಮಾರಿನ ಬಡಗಿಗಳು ಮುಂದಿನವರಿಗೆ ಕೆಲಸ ಕಲಿಸಲು ಸರಿಯಾದ ಅವಧಿ ಅನ್ನುವವರಿದ್ದಾರೆ. ಒಣಗಿಸಿಟ್ಟ ಅನ್ನವನ್ನು ಕಣಜದಲ್ಲಿ ಇಡಲು ಇದ್ದ ಅತಿ ಹೆಚ್ಚಿನ ಮಿತಿ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಬಡಗಿಗಳ ವಾದ ಹೆಚ್ಚು ಒಪ್ಪಿಗೆ. ಇಪ್ಪತ್ತರ ಹುಡುಗ ಮರ ಹೊತ್ತು ನೋಡಿ ಕಲಿಯುತ್ತಾನೆ. ನಲವತ್ತಕ್ಕೆ ತಾನೇ ಕೆಲಸ ಮಾಡುತ್ತಾನೆ. ಅರವತ್ತಕ್ಕೆ ನಿಂತು ಮಾಡಿಸುತ್ತಾನೆ.

ಈಗ ನಿಮ್ಮ ಮಾತಿಗೆ ಇನ್ನೊಂದು ಮಾತು ಸೇರಿಸುತ್ತೇನೆ. 'ಹಳೆಯದು ಅನ್ನೋದು ಸುಳ್ಳು' ಎಂಬುದು ಹೇಗೆ ಸರಿಯಲ್ಲವೋ, '1,300 ವರ್ಷದಿಂದ ಒಂದು ಸಲವೂ ತಪ್ಪಿಲ್ಲ, ಕೂದಲೆಳೆಯಷ್ಟೂ ಬದಲಾಗಿಲ್ಲ' ಎಂಬುದೂ ಸರಿಯಲ್ಲ. ಪ್ರವಾಸದ ಪುಸ್ತಿಕೆಗಳಲ್ಲಿ ಇದನ್ನು ಧಾರಾಳವಾಗಿ ಬರೆಯುತ್ತಾರೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, 690ರಿಂದ 2013ರವರೆಗೆ 20ಕ್ಕೊಂದರಂತೆ 67 ಸಲ ಆಗಬೇಕಿತ್ತು. ಆಗಿದ್ದು 62.

ತಪ್ಪಿದ್ದು ಯುದ್ಧಗಳಿಂದ. ಹದಿನೈದನೇ ಶತಮಾನದಿಂದ ಜಪಾನಿನ ದಂಡನಾಯಕರು ಒಬ್ಬರ ಮೇಲೊಬ್ಬರು ಬಿದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಹೊಡೆದಾಡಿದರು. ಅರಮನೆಯಲ್ಲೇ ದುಡ್ಡಿಲ್ಲ, ಗುಡಿಗೆ ಯಾರು ಕೊಡುತ್ತಾರೆ? ಒಳಗುಡಿಗೆ 1462ರಲ್ಲಿ ಆದ ಸೆಂಗೂ ಮತ್ತೆ ಆಗಿದ್ದು 1585ರಲ್ಲಿ. ಹೊರಗುಡಿಗೆ 1434 ಬಿಟ್ಟರೆ 1563. ಹತ್ತಿರ ಹತ್ತಿರ ಆರು ತಲೆಮಾರು. ತಂದೆ ಮಾಡಿದ್ದನ್ನು ನೋಡಿದ ಮಗ ಇಲ್ಲ, ಅಜ್ಜ ಮಾಡಿದ್ದನ್ನು ಕೇಳಿದ ಮೊಮ್ಮಗನೂ ಇಲ್ಲ. ಮುರಿದ ಗುಡಿಗೆ ತೇಪೆ ಹಾಕುತ್ತಾ, ಕೆಲವೊಮ್ಮೆ ತಾತ್ಕಾಲಿಕ ಗುಡಿಯಲ್ಲಿ ದೇವರನ್ನಿಟ್ಟು ದಿನ ತಳ್ಳಿದರು.

ಮತ್ತೆ ಎತ್ತಿ ನಿಲ್ಲಿಸಿದವರು ಯಾರು ಗೊತ್ತೇ? ಬೌದ್ಧ ಸನ್ಯಾಸಿನಿಯರು. ಸೇಜುನ್ ಎಂಬಾಕೆ ಊರೂರು ತಿರುಗಿ, ಜನರಿಂದ ಚಂದಾ ಎತ್ತಿ, 1563ರಲ್ಲಿ ಹೊರಗುಡಿಯ ಕೆಲಸ ಆಗುವಂತೆ ಮಾಡಿದಳು. ಆಕೆಯ ನಂತರ ಬಂದ ಶೂಯೋ ಎಂಬ ಸನ್ಯಾಸಿನಿ ನೊಬುನಾಗಾ, ಹಿದೆಯೋಶಿಯಂಥ ದೊರೆಗಳವರೆಗೂ ಹೋಗಿ ನೆರವು ತಂದಳು. 1585ರಲ್ಲಿ ಎರಡೂ ಗುಡಿಗಳ ಸೆಂಗೂ ನಡೆಯಿತು. ಇದರಲ್ಲಿ ಒಂದು ವಿಶೇಷವಿದೆ. ಇಸೆ ಎಂದರೆ ಬೌದ್ಧ ಧರ್ಮವನ್ನು ಮಾತಿನಲ್ಲೂ ದೂರ ಇಟ್ಟ ಜಾಗ. ಅಲ್ಲಿ ಬುದ್ಧ ಎಂಬ ಹೆಸರನ್ನು ಬಾಯಲ್ಲಿ ಆಡುವಂತಿರಲಿಲ್ಲ, ಭಿಕ್ಷುಗಳನ್ನು 'ಉದ್ದಗೂದಲಿನವರು' ಅನ್ನಬೇಕಿತ್ತು. ತಲೆ ಬೋಳಿಸಿದವರು ಗುಡಿಯ ಹತ್ತಿರ ಬರುವಂತಿಲ್ಲ, ದೂರದ ಒಂದು ಜಾಗದಿಂದ ಕೈಮುಗಿಯಬೇಕು. ಹಾಗೆ ದೂರ ನಿಲ್ಲಿಸಿಕೊಂಡ ಪಂಗಡದ ಹೆಂಗಸರೇ ಈ ಗುಡಿಯನ್ನು ಉಳಿಸಿದರು. ಇಸೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವುದಿಲ್ಲ, ನೀವೇ ಮಗನಿಗೆ ಹೇಳಿ.

ಅಷ್ಟು ವರ್ಷ ಬಿಟ್ಟು ಕಟ್ಟಿದಾಗ ಎಲ್ಲವೂ ಮೊದಲಿನಂತೆ ಬರಲು ಸಾಧ್ಯವೇ? ಇಲ್ಲ. ಅಂಗಳದೊಳಗೆ ಯಾವ ಕಟ್ಟಡ ಎಲ್ಲಿ ಅನ್ನುವುದು ಬದಲಾಗಿದೆ. ಲೋಹದ ಅಲಂಕಾರದ ಕೆಲಸ ಕಾಲಕಾಲಕ್ಕೆ ಜಾಸ್ತಿಯಾಗಿದೆ. 1889ರ ಸೆಂಗೂದಲ್ಲಿ ಹಳೆಯ ಬರಹಗಳನ್ನು ನೋಡಿ ಮತ್ತೆ ಕೆಲವನ್ನು ತಿದ್ದಿದರು. ಮೂಲ ಚಹರೆ ಮಾತ್ರ ಉಳಿದಿದೆ: ಮಣ್ಣಿಗಿಳಿದ ಕಂಬ, ಎತ್ತರದ ನೆಲ, ಹುಲ್ಲಿನ ಚಾವಣಿ, ತುದಿಯಲ್ಲಿ ಕೊಂಬಿನಂತೆ ಆಕಾಶಕ್ಕೆ ಚಾಚಿದ ಹಲಗೆಗಳು, ಸೂರಿನ ಏಣಿನ ಮೇಲೆ ಅಡ್ಡಲಾಗಿ ಮಲಗಿಸಿದ ಮರದ ತುಂಡುಗಳು. ಒಳಗುಡಿಗೆ ಆ ತುಂಡುಗಳು ಹತ್ತು, ಹೊರಗುಡಿಗೆ ಒಂಬತ್ತು. ಬೇಲಿಯ ಹೊರಗಿನಿಂದಲೇ ಎಣಿಸಬಹುದು.

ಮರ ಕಡಿಯುವ ವಿಷಯಕ್ಕೆ ಬರೋಣ. ಹೌದು, ಒಂದು ಸೆಂಗೂಗೆ ಸುಮಾರು ಹತ್ತು ಸಾವಿರ ಹಿನೊಕಿ ಬೇಕು. ಮೊದಲ ಮರಗಳನ್ನು ಕಡಿಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2025ರ ಜೂನ್‌ನಲ್ಲಿ ನಗಾನೊ ಸೀಮೆಯ ಕಿಸೊ ಕಾಡಿನಲ್ಲಿ ಅದು ನಡೆದಿದೆ. ದೇವಿಯ ಕುರುಹನ್ನು ಇಡುವ ಪೆಟ್ಟಿಗೆಗೆ ಬೇಕಾದ ಮರ ಇದು, ಸುಮಾರು ಮುನ್ನೂರು ವರ್ಷ ಬೆಳೆದದ್ದು. ಗರಗಸ ತಾಕಿಸುವುದಿಲ್ಲ. ಬಿಳಿಬಟ್ಟೆ ತೊಟ್ಟ ಆಳುಗಳು ಕೊಡಲಿ ಹಿಡಿದು ಮೂರು ಕಡೆಯಿಂದ ಬುಡಕ್ಕೆ ಕಚ್ಚು ಹಾಕುತ್ತಾ ಒಳಗೆ ಹೋಗುತ್ತಾರೆ. ನಡುವಿನ ತಿರುಳು ಪೂರ್ತಿ ಟೊಳ್ಳಾಗಿ, ಇಡೀ ಮರ ಬುಡದಲ್ಲಿ ಮೂರೇ ಮೂರು ಕಾಲಿನ ಮೇಲೆ ನಿಲ್ಲುತ್ತದೆ. ಆಮೇಲೆ ಕೊನೆಯ ಕಾಲನ್ನು ಕಡಿಯುತ್ತಾರೆ. ಮರ ಅವರು ಗುರುತು ಮಾಡಿದ ಜಾಗಕ್ಕೇ ಬೀಳುತ್ತದೆ. ಒಂದು ಒಳಗುಡಿಗೆ, ಒಂದು ಹೊರಗುಡಿಗೆ, ಎರಡರ ತುದಿಗಳು ಒಂದರ ಮೇಲೊಂದು ಅಡ್ಡ ಬೀಳಬೇಕು. ಬಿದ್ದ ಮೇಲೆ ಅದೇ ಮರದ ತುದಿಯ ಒಂದು ಚಿಗುರು ಕೊಂಬೆಯನ್ನು ಕಿತ್ತು ಬುಡದ ಕಚ್ಚಿನಲ್ಲಿ ನೆಟ್ಟು ಕೈಮುಗಿಯುತ್ತಾರೆ. ಕಡಿದದ್ದನ್ನು ಕಾಡಿಗೆ ಒಪ್ಪಿಸುವ ಕ್ರಮ ಅದು. ಟೊಳ್ಳು ಮಾಡಿ ಕಡಿಯುವುದರಿಂದ ಒಂದು ಉಪಯೋಗವೂ ಉಂಟು. ಬೀಳುವ ಭಾರಕ್ಕೆ ಮರ ಉದ್ದಕ್ಕೆ ಸೀಳುವುದಿಲ್ಲ.

ಹಾಗಂತ ಇದರಲ್ಲಿ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಗುಡಿಯ ಹಿಂದಿನ ಬೆಟ್ಟದಲ್ಲೇ ಮೊದಲು ಮರ ಸಿಗುತ್ತಿತ್ತು. ಕಡಿದು ಕಡಿದು, ಸುಮಾರು ಏಳುನೂರು ವರ್ಷದ ಹಿಂದೆಯೇ ಅಲ್ಲಿ ದಪ್ಪ ಮರ ಮುಗಿದಿತ್ತು. ಬೇರೆ ಬೇರೆ ಸೀಮೆಯಿಂದ ತರಿಸಿ, ಕೊನೆಗೆ ಕಿಸೊ ಕಾಡನ್ನು ನೆಚ್ಚಿಕೊಂಡರು. ಅದು ದೊಡ್ಡ ತಪ್ಪೇ. ಆದರೆ ಅವರು ಅದನ್ನು ಅಲ್ಲಿಗೆ ಬಿಡಲಿಲ್ಲ. 1923ರಲ್ಲಿ ಗುಡಿಯ ಸ್ವಂತ ಕಾಡಿನಲ್ಲಿ, ಸುಮಾರು 5,500 ಹೆಕ್ಟೇರ್ ಕಾಡು ಅದು, ಹಿನೊಕಿ ಬೆಳೆಸಲು ಒಂದು ಯೋಜನೆ ಹಾಕಿದರು. ಯೋಜನೆಯ ಅವಧಿ 200 ವರ್ಷ. ನೆಟ್ಟವರಾರೂ ಆ ಮರದ ಕಂಬ ನೋಡುವುದಿಲ್ಲ ಅಂತ ಗೊತ್ತಿದ್ದೇ ನೆಟ್ಟರು. ದಪ್ಪ ಕಂಬಕ್ಕೆ ಬೇಕಾದ ಮರಕ್ಕೆ ಬಿಳಿ ಬಣ್ಣದ ಎರಡು ಬಳೆ ಗುರುತು ಹಾಕಿ, ಅದರ ಸುತ್ತಲಿನ ಸಣ್ಣ ಮರಗಳನ್ನು ಮಾತ್ರ ತೆಗೆಯುತ್ತಾರೆ. ಹಾಗೆ ತೆಗೆದ ಮರಗಳಿಂದಲೇ 2013ರ ಸೆಂಗೂಗೆ ಬೇಕಾದ ಮರದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಒದಗಿತು. ಏಳು ಶತಮಾನದಲ್ಲಿ ಮೊದಲ ಸಲ.

ಬಿಚ್ಚಿದ ಮರವನ್ನು ಸುಡುತ್ತಾರೆ, ಎಸೆಯುತ್ತಾರೆ ಅನ್ನುವುದು ಶುದ್ಧ ಸುಳ್ಳು. ಒಳಗುಡಿಗೆ ಹೋಗಲು ನೀವು ಇಸುಜು ನದಿಯ ಮೇಲೆ ಉಜಿ ಸೇತುವೆ ದಾಟುತ್ತೀರಿ. ಅದರ ಎರಡು ತುದಿಯಲ್ಲೂ ದೊಡ್ಡ ಮರದ ತೋರಿಯಿ ಇದೆ. ತೋರಿಯಿ ಅಂದರೆ ಎರಡು ಕಂಬ, ಮೇಲೆ ಅಡ್ಡತೊಲೆ ಇರುವ ಹೆಬ್ಬಾಗಿಲು. ಆ ಕಂಬಗಳು ಇಪ್ಪತ್ತು ವರ್ಷ ಮುಖ್ಯ ಗುಡಿಯ ಏಣು ಹೊತ್ತ ಕಂಬಗಳೇ. ಇಲ್ಲಿ ಇನ್ನಿಪ್ಪತ್ತು ವರ್ಷ ನಿಂತ ಮೇಲೆ ಅವು ಹಳೆಯ ಹೆದ್ದಾರಿಯ ಸೆಕಿ ಮತ್ತು ಕುವಾನಾ ಊರುಗಳಿಗೆ ಹೋಗಿ ಅಲ್ಲಿ ಮತ್ತೆ ತೋರಿಯಿ ಆಗುತ್ತವೆ. ಉಳಿದ ತೊಲೆ, ಹಲಗೆಗಳನ್ನು ದೇಶದ ಬೇರೆ ಗುಡಿಗಳಿಗೆ ಹಂಚುತ್ತಾರೆ. 1995ರ ಭೂಕಂಪದಲ್ಲಿ ಕೋಬೆ ನಗರದ ಗುಡಿಗಳು ಬಿದ್ದಾಗ ಇಸೆಯ ಮರ ಅಲ್ಲಿಗೂ ಹೋಯಿತು. ಅಂದಹಾಗೆ, ದುಡ್ಡು ಸರ್ಕಾರದ್ದಲ್ಲ. ಎರಡನೇ ಮಹಾಯುದ್ಧದ ನಂತರದ ಜಪಾನಿನ ಸಂವಿಧಾನ ಅದಕ್ಕೆ ಅವಕಾಶ ಕೊಡುವುದಿಲ್ಲ. 2013ರ ಖರ್ಚು ಸುಮಾರು 5,500 ಕೋಟಿ ಯೆನ್ ಎಂದು ವರದಿಯಾಗಿತ್ತು. ಗುಡಿಯ ಸ್ವಂತ ಹಣ ಮತ್ತು ಜನರ ಕಾಣಿಕೆಯಿಂದಲೇ ಅದು ನಡೆಯಿತು.

ನನ್ನನ್ನು ಕೇಳಿದರೆ ಮರಕ್ಕಿಂತ ದೊಡ್ಡ ಚಿಂತೆ ಕೈಕೆಲಸದವರದು. ಗುಡಿಯ ಜೊತೆಗೆ ದೇವಿಯ ಬಟ್ಟೆಬರೆ, ಕತ್ತಿ, ಬಿಲ್ಲು, ನೇಯ್ಗೆಯ ಸಲಕರಣೆ ಎಲ್ಲವನ್ನೂ ಹೊಸದಾಗಿ ಮಾಡುತ್ತಾರೆ: 714 ಬಗೆ, ಒಟ್ಟು 1,576 ವಸ್ತು. ಒಂದು ಕತ್ತಿಯ ಹಿಡಿಗೆ ತೊಕಿ ಎಂಬ ಹಕ್ಕಿಯ ನಸುಗೆಂಪು ಗರಿ ಬೇಕು. ಜಪಾನಿನ ಕಾಡಿನಲ್ಲಿ ಆ ಹಕ್ಕಿಯೇ ಒಮ್ಮೆ ಇಲ್ಲವಾಗಿಹೋಗಿತ್ತು. ಗರಿಯನ್ನಾದರೂ ಹುಡುಕಿ ತರಬಹುದು. ಅರಗಿನ ಕೆಲಸ, ಹಳೆಯ ರೀತಿಯ ರೇಷ್ಮೆ ನೇಯ್ಗೆ, ಹುಲ್ಲು ಹೊದಿಸುವ ಕೆಲಸ ಇವಕ್ಕೆ ಹುಡುಗರು ಬರುವುದು ಕಡಿಮೆಯಾಗಿದೆ. ಇಪ್ಪತ್ತು ವರ್ಷಕ್ಕೊಮ್ಮೆ ಮಾತ್ರ ಬರುವ ಕೆಲಸವನ್ನು ನೆಚ್ಚಿ ಯಾರು ಸಂಸಾರ ನಡೆಸುತ್ತಾರೆ?

ವಾಟ್ಸಾಪಿನ ಸುದ್ದಿ ಈಗ. ಭಾರತದವರು ಹೋಗಿ ಕಟ್ಟಿದ ಗುಡಿ ಅಲ್ಲ. ಅಂಥ ಒಂದೇ ಒಂದು ಆಧಾರವೂ ಇಲ್ಲ. ನಮ್ಮ ದೇವರುಗಳು ಜಪಾನಿಗೆ ಹೋಗಿರುವುದು ನಿಜ, ಆದರೆ ಬೌದ್ಧ ಧರ್ಮದ ಜೊತೆ, ಚೀನಾ ಮತ್ತು ಕೊರಿಯಾ ದಾಟಿ. ಸರಸ್ವತಿ ಅಲ್ಲಿ ಬೆಂಜೈತೆನ್, ಗಣೇಶ ಕಾಂಗಿತೆನ್, ಇಂದ್ರ ತೈಶಾಕುತೆನ್. ನಮ್ಮ ಸೂರ್ಯನೂ ಹೋಗಿದ್ದಾನೆ, ನಿತ್ತೆನ್ ಎಂಬ ಹೆಸರಿನಲ್ಲಿ. ಅವನೇ ಬೇರೆ, ಅಮತೆರಾಸು ಬೇರೆ. ಆಕೆ ಹೆಣ್ಣು, ಅಲ್ಲಿನ ಮಣ್ಣಿನ ದೇವತೆ. ಒಂದು ಎಳೆ ಮಾತ್ರ ಉಂಟು. ಮಧ್ಯಯುಗದಲ್ಲಿ ಜಪಾನಿನ ಶಿಂಗೊನ್ ಪಂಥದ ಬೌದ್ಧರು ಅಮತೆರಾಸುವನ್ನು ಮಹಾವೈರೋಚನ ಬುದ್ಧನ ರೂಪ ಎಂದು ಹೇಳಿದರು. ವೈರೋಚನ ಎಂಬ ಹೆಸರು ಸಂಸ್ಕೃತದ್ದೇ. ಆದರೆ ಅದು ಗುಡಿ ಹುಟ್ಟಿ ಎಷ್ಟೋ ಶತಮಾನ ಆದಮೇಲೆ ಬಂದ ಮಾತು. ಬಂಧುಗಳಿಗೆ ಇಷ್ಟು ಬರೆದು ಕಳಿಸಿ. ನಮ್ಮದಲ್ಲ ಅಂದಮಾತ್ರಕ್ಕೆ ಆ ಗುಡಿಯ ಮೇಲಿನ ಗೌರವವೇನೂ ಕಡಿಮೆಯಾಗಬೇಕಿಲ್ಲ.

ಒಳಗೆ ಬಿಡುವುದಿಲ್ಲ ಎಂಬುದು ನಿಜ, ಆದರೆ ನಿಮ್ಮನ್ನು ಮಾತ್ರವಲ್ಲ. ಆವರಣಕ್ಕೆ ಯಾರು ಬೇಕಾದರೂ ಹೋಗಬಹುದು, ಜಾತಿ ಧರ್ಮ ಕೇಳುವುದಿಲ್ಲ, ಟಿಕೆಟ್ ಇಲ್ಲ. ಮುಖ್ಯ ಗುಡಿಯ ಸುತ್ತ ನಾಲ್ಕು ಸುತ್ತಿನ ಮರದ ಬೇಲಿಯಿದೆ. ಹೊರಗಿನ ಬಾಗಿಲಲ್ಲಿ ಬಿಳಿ ಪರದೆಯ ಮುಂದೆ ನಿಂತು ಕೈಮುಗಿಯಬೇಕು, ಜಪಾನಿನವರೂ ಅಷ್ಟೇ. ಕನ್ನಡಿಯ ದರ್ಶನ ಯಾರಿಗೂ ಇಲ್ಲ. ಅದನ್ನು ಹೊಸ ಗುಡಿಗೆ ಒಯ್ಯುವುದೂ ರಾತ್ರಿ, ದೀಪಗಳನ್ನು ಆರಿಸಿ, ಸುತ್ತ ಬಿಳಿ ರೇಷ್ಮೆಯ ಪರದೆ ಹಿಡಿದು. ಹೊರಡುವ ಮುನ್ನ ಒಬ್ಬ ಅರ್ಚಕ ಮೂರು ಸಲ ಕೋಳಿಯಂತೆ ಕೂಗುತ್ತಾನೆ. ದೇವಿ ಹಿಂದೊಮ್ಮೆ ಮುನಿಸಿಕೊಂಡು ಗವಿಯಲ್ಲಿ ಅಡಗಿದಾಗ, ಲೋಕವೆಲ್ಲ ಕತ್ತಲಾದಾಗ, ಕೋಳಿ ಕೂಗಿಸಿ ಕರೆದರಂತೆ. ಅದರ ನೆನಪು.

ಇಸೆಯಲ್ಲಿ ಹಳೆಯದು ಯಾವುದು ಎಂದು ನೇರವಾಗಿ ಕೇಳಿದರೆ ನಾನು ತೋರಿಸುವುದು ಹೊರಗುಡಿಯ ಅಡುಗೆಮನೆಯನ್ನು. ಹೊರಗುಡಿಯ ದೇವತೆ ತೊಯೊಉಕೆ, ಅನ್ನದ ದೇವತೆ. ಅಮತೆರಾಸುವಿಗೆ ಊಟ ಒದಗಿಸುವುದು ಆಕೆಯ ಕೆಲಸ. ಅಲ್ಲಿ ದಿನಕ್ಕೆ ಎರಡು ಹೊತ್ತು, ಬೆಳಗ್ಗೆ ಮತ್ತು ಸಂಜೆ, ನೈವೇದ್ಯ ಆಗುತ್ತದೆ. ಸುಮಾರು 1,500 ವರ್ಷದಿಂದ ಇದು ನಡೆದುಬಂದಿದೆ ಎನ್ನುತ್ತದೆ ಸಂಪ್ರದಾಯ. ಅರ್ಚಕರು ಹಿಂದಿನ ರಾತ್ರಿಯೇ ಬಂದು ಮಡಿಯಲ್ಲಿ ತಂಗುತ್ತಾರೆ. ಬೆಳಗ್ಗೆ ಮರಕ್ಕೆ ಮರ ಮಥಿಸಿ ಕಿಡಿ ಹುಟ್ಟಿಸಿ ಒಲೆ ಹೊತ್ತಿಸುತ್ತಾರೆ, ಬೆಂಕಿಪೊಟ್ಟಣ ಇಲ್ಲ. ನೀರು ಗುಡಿಯ ಬಾವಿಯದು, ಅಕ್ಕಿ ಗುಡಿಯ ಗದ್ದೆಯದು, ಉಪ್ಪು ಹತ್ತಿರದ ಫುತಾಮಿ ಕರಾವಳಿಯಲ್ಲಿ ಗುಡಿಯವರೇ ಕಾಯಿಸಿದ್ದು. ಗುಡಿ ಬದಲಾದರೂ ಒಲೆ ಹಚ್ಚುವುದು ತಪ್ಪುವುದಿಲ್ಲ.

ಇನ್ನು ಸೂತಕ. ಅಲ್ಲಿನವರೂ ಸಾವಿನ ಮೈಲಿಗೆಯನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಮನೆಯಲ್ಲಿ ಸಾವಾದರೆ ಸಾಮಾನ್ಯವಾಗಿ 50 ದಿನ ಗುಡಿಗೆ ಹೋಗುವುದಿಲ್ಲ. ಆಮೇಲೆ ಅಡ್ಡಿಯಿಲ್ಲ. ನೀವು ಹೋಗುವ ಹೊತ್ತಿಗೆ ಆರು ತಿಂಗಳು ದಾಟಿರುತ್ತದೆ, ಅವರ ಲೆಕ್ಕದಲ್ಲಿ ಯಾವ ದೋಷವೂ ಇಲ್ಲ. ನಮ್ಮ ಕಡೆಯ ಲೆಕ್ಕ ಮಾತ್ರ ಮನೆಮನೆಗೆ ಬೇರೆ. ವರ್ಷಾಬ್ದಿಕದವರೆಗೆ ದೇವಸ್ಥಾನಕ್ಕೆ ಹೋಗದ ಮನೆಗಳಿವೆ. ಅತ್ತೆಯವರೋ ಮನೆಯ ಹಿರಿಯರೋ ಇದ್ದರೆ ಕೇಳಿ ಹೊರಡಿ. ಅವರು ಬೇಡ ಅಂದರೂ ದಾರಿಯಿದೆ. ನದಿ, ಸೇತುವೆ, ಕಾಡಿನ ಹಾದಿಯಷ್ಟನ್ನೇ ನೋಡಿಕೊಂಡು ಬರಬಹುದು.

2033ಕ್ಕೆ ಕಾಯುವುದೋ ಬೇಡವೋ? ಆ ವರ್ಷದ ಲಾಭ ಏನೆಂದರೆ ಹಳೆಯದೂ ಹೊಸದೂ ಅಕ್ಕಪಕ್ಕ ನಿಂತಿರುತ್ತವೆ, ಒಂದು ಬೂದಿಬಣ್ಣ, ಒಂದು ಹೊಂಬಣ್ಣ. ಹೊಸ ಅಂಗಳಕ್ಕೆ ಬಿಳಿ ಕಲ್ಲು ಹೊತ್ತು ಹಾಕುವ ಹಬ್ಬದಲ್ಲಿ ಮಾತ್ರ ಸಾಮಾನ್ಯರು ಒಳ ಅಂಗಳಕ್ಕೆ ಕಾಲಿಡುತ್ತಾರೆ. ಆದರೆ ಅದು ಹೆಚ್ಚಾಗಿ ಇಸೆಯ ಊರವರ ಹಕ್ಕು, ಹೊರಗಿನವರು ಮೊದಲೇ ಹೆಸರು ಕೊಟ್ಟಿರಬೇಕು. ಜನಸಂದಣಿಯೂ ಅಷ್ಟೇ. 2013ರಲ್ಲಿ 1 ಕೋಟಿ 40 ಲಕ್ಷ ಜನ ಬಂದಿದ್ದರು. ಮಂಡಿನೋವಿನವರನ್ನು ಆ ನೂಕುನುಗ್ಗಲಿಗೆ ಕರೆದುಕೊಂಡು ಹೋಗುವುದು ಬೇಡ. ಈಗಲೇ ಹೋಗಿ ಎಂದೇ ನನ್ನ ಮಾತು. ಮುಂದಿನ ಸೆಂಗೂದ ಮೊದಲ ವಿಧಿ 2025ರ ಮೇ ತಿಂಗಳಲ್ಲೇ ಆಗಿದೆ. ಊರವರು ಹಗ್ಗ ಹಿಡಿದು ತೊಲೆ ಎಳೆಯುವ ಹಬ್ಬವನ್ನು 2026 ಮತ್ತು 2027ಕ್ಕೆ ಇಟ್ಟುಕೊಂಡಿದ್ದಾರೆ. ನಿಮ್ಮ ತಾರೀಕಿಗೆ ಹೊಂದುತ್ತದೆಯೇ ಎಂದು ಮಗನಿಗೆ ವಿಚಾರಿಸಲು ಹೇಳಿ. ಜನವರಿಯ ಮೊದಲ ವಾರ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆ, ಈ ಎರಡನ್ನು ತಪ್ಪಿಸಿ.

ನಗೋಯಾದಿಂದ ಕಿಂತೆತ್ಸು ರೈಲಿನಲ್ಲಿ ಒಂದೂವರೆ ಗಂಟೆ. ಮೊದಲು ಹೊರಗುಡಿ, ಆಮೇಲೆ ಒಳಗುಡಿ, ಇದೇ ರೂಢಿ. ನಡುವೆ ಬಸ್ ಇದೆ. ಬೆಳಗ್ಗೆ 5ಕ್ಕೇ ಬಾಗಿಲು ತೆರೆಯುತ್ತದೆ, 8ರೊಳಗೆ ಹೋದರೆ ನೆಮ್ಮದಿ. ಮಂಡಿಗೆ ಕಷ್ಟವಾಗುವುದು ದೂರಕ್ಕಿಂತ ಹಾದಿಯ ದಪ್ಪ ಜಲ್ಲಿ. ಗಟ್ಟಿ ಅಟ್ಟೆಯ ಬೂಟು ಹಾಕಿಸಿ, ಚಪ್ಪಲಿ ಬೇಡ. ಒಳಗುಡಿಯ ಮುಂದೆ ಕಲ್ಲಿನ ಮೆಟ್ಟಿಲುಗಳಿವೆ. ಹತ್ತಲಾಗದಿದ್ದರೆ ಯಜಮಾನರು ಕೆಳಗೆ ನಿಂತೇ ಕೈಮುಗಿಯಲಿ. ಫೋಟೋ ಕೂಡ ಆ ಮೆಟ್ಟಿಲ ಕೆಳಗಿನಿಂದ ಮಾತ್ರ. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿನ ಕ್ರಮ. ಮುಖ್ಯ ಗುಡಿಯಲ್ಲಿ ಸ್ವಂತಕ್ಕೆ ಬೇಡುವ ವಾಡಿಕೆಯಿಲ್ಲ, ಸುಮ್ನೆ ಕೃತಜ್ಞತೆ ಹೇಳುವುದು. ಹರಕೆ, ಬೇಡಿಕೆ ಏನಿದ್ದರೂ ಅದರ ಹಿಂದಿರುವ ಅರಮತ್ಸುರಿ ಗುಡಿಯಲ್ಲಿ. ತೆಂಗಿನಕಾಯಿ, ಹೂವು, ಹಣ್ಣು ಒಯ್ಯಬೇಡಿ, ತೆಗೆದುಕೊಳ್ಳುವವರಿಲ್ಲ.

ನೀವು ಸಸ್ಯಾಹಾರಿಗಳಾದರೆ ಬೀದಿಯ ಇಸೆ ಉದೊನ್ ಕಡೆ ಹುಷಾರು. ನೋಡಲು ಬರೀ ಶಾವಿಗೆ, ಸಾರಿನಲ್ಲಿ ಒಣಮೀನಿನ ರಸ ಇರುತ್ತದೆ. ಸೇತುವೆಯ ಹತ್ತಿರ 1707ರಿಂದ ನಡೆದುಬಂದಿರುವ ಅಕಾಫುಕು ಅಂಗಡಿಯಿದೆ. ಅಲ್ಲಿ ಸಿಗುವುದು ಅಕ್ಕಿಯ ಮೆತ್ತನೆ ಉಂಡೆ, ಮೇಲೆ ಕೆಂಪು ಅವರೆಯ ಸಿಹಿ ಹೂರಣ. ಧೈರ್ಯವಾಗಿ ತಿನ್ನಬಹುದು, ಚಹಾ ಜೊತೆಗೇ ಕೊಡುತ್ತಾರೆ.